ಬೀಗ ಬಿದ್ದ ನೂರ ಅರವತ್ತಾರು ಬೆಳಗು

ಶುರುವಾದದ್ದು ಕಳೆದ ವರ್ಷ ಮಾರ್ಚ್ 3, ಸೋಮವಾರ, ಬೆಳಗ್ಗೆ 6 ಗಂಟೆ 35 ನಿಮಿಷಕ್ಕೆ. ಮುಗಿದದ್ದು ಆಗಸ್ಟ್ 31, ಭಾನುವಾರ, ಅದೇ ಹೊತ್ತಿಗೆ. ಒಟ್ಟು 182 ದಿನ. ತೆಗೆದ ಫೋಟೋ 179, ತಪ್ಪಿದ್ದು 3. ಎಲ್ಲ ಫೋಟೋಗಳಲ್ಲೂ ಇರುವುದು ಒಂದೇ ಹಸಿರು ಬಾಗಿಲು. ಬೀಗ ಇದ್ದ ದಿನ 166, ಇಲ್ಲದ ದಿನ 13.

ಈ ಲೆಕ್ಕ ನಾನೇ ಇಟ್ಟದ್ದು. ಇದರಿಂದಾಗಿ ಆ ಬಾಗಿಲ ಹಿಂದಿನ ಎರಡು ಕೋಣೆಗಳಲ್ಲಿ ನಲವತ್ತೊಂದು ವರ್ಷದಿಂದ ಬಾಡಿಗೆಗಿರುವ ಹೆಂಗಸೊಬ್ಬರು ಈಗ ಮನೆ ಕಳೆದುಕೊಳ್ಳುವ ಹಂತಕ್ಕೆ ಬಂದಿದ್ದಾರೆ. ಅವರಿಗೆ ನನ್ನನ್ನು ಕಂಡರೆ ಆಗುವುದಿಲ್ಲ. ನನಗೂ ಅವರ ಮೇಲೆ ಪ್ರೀತಿಯೇನೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಇಬ್ಬರೂ ಒಂದಾಗಿ ಚಹಾ ಕುಡಿಯುತ್ತಾರೆ ಎಂದು ಯಾರೂ ಕಾಯಬಾರದು.

ಪುಣೆಯ ಸದಾಶಿವ ಪೇಠದ ಆ ವಾಡೆಗೆ, ಅಂದರೆ ಅಂಗಳವಿರುವ ಹಳೆಯ ದೊಡ್ಡ ಮನೆಗೆ, ರಸ್ತೆಯ ಕಡೆ ಕೆತ್ತನೆಯ ಕಮಾನಿರುವ ದೊಡ್ಡ ಮರದ ದಿಂಡಿಬಾಗಿಲಿದೆ. ಒಳಗೆ ಹೋದರೆ ಎಡಕ್ಕೆ ಮಾಲಕರ ಮೂರಂತಸ್ತಿನ ಕಟ್ಟಡ, ನಡುವೆ ಕಲ್ಲು ಹಾಸಿದ ಅಂಗಳ, ಎದುರಿಗೆ ಹಳೆಯ ಸಾಲಿನಲ್ಲಿ ಆರು ಬಾಗಿಲು. ಆರರಲ್ಲಿ ಐದು ಮನೆಯವರು ವಾಡೆ ಕೆಡವಿ ಕಟ್ಟಲಿರುವ ಬಿಲ್ಡರನ ಕಾಗದಕ್ಕೆ ಸಹಿ ಮಾಡಿ ಹೊರಟುಹೋಗಿದ್ದರು. ಉಳಿದವರು ಇವರೊಬ್ಬರೇ. ನಾನು ಮಾಲಕರ ಕಟ್ಟಡದ ಎರಡನೆಯ ಅಂತಸ್ತಿನಲ್ಲಿ ಒಂದು ಕೋಣೆ ಹಿಡಿದಿದ್ದೆ. ಚಾಕಣದ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಕೆಲಸ. ಕಂಪನಿಯ ಬಸ್ಸು ಬೆಳಗ್ಗೆ 6:50ಕ್ಕೆ ಮೂಲೆಯ ಮೆಡಿಕಲ್ ಅಂಗಡಿಯ ಮುಂದೆ ಬರುತ್ತದೆ, ಎರಡು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ವಾಪಸು ಬರುವಾಗ ಸಂಜೆ ಏಳೂವರೆ.

ಕಾರ್ಖಾನೆಯಲ್ಲಿ ನಾನು ಅಳತೆ ಕೋಣೆಯಲ್ಲಿದ್ದೇನೆ. ಬ್ರೇಕಿನ ತುಂಡುಗಳನ್ನು ಮೇಜಿನ ಮೇಲಿಟ್ಟು ತೂತಿನ ವ್ಯಾಸ, ಅಂಚಿನ ದಪ್ಪ ಅಳೆದು ಹಾಳೆಯಲ್ಲಿ ಬರೆಯುವುದು ಕೆಲಸ. ಒಂದು ತುಂಡಿಗೆ ಏಳು ಅಳತೆ. ಅಳೆದು ಬರೆಯದಿದ್ದರೆ ಅಳೆದಿಲ್ಲ ಎಂದೇ ಲೆಕ್ಕ. ಮನೆಗೆ ಬಂದರೂ ಕೈ ಆ ಚಟ ಬಿಡಲಿಲ್ಲ. ಕುಡಿದ ನೀರು, ನಡೆದ ದೂರ, ಬಸ್ಸು ತಡವಾದ ನಿಮಿಷ, ಎಲ್ಲಕ್ಕೂ ವಹಿಯಲ್ಲಿ ಒಂದೊಂದು ಕಾಲಂ. ದಿನಕ್ಕೊಂದು ಫೋಟೋ ತೆಗೆಯಬೇಕೆಂಬುದೂ ಹಾಗೇ ಹುಟ್ಟಿದ ಹುಕಿ. ಸೆಕೆಂಡ್ ಹ್ಯಾಂಡ್ ಕ್ಯಾಮರಾ ಕೊಂಡಿದ್ದೆ, ಅದನ್ನು ಸುಮ್ಮನೆ ಕಪಾಟಿನಲ್ಲಿಡಲು ಮನಸ್ಸು ಒಪ್ಪಲಿಲ್ಲ.

ಆದರೆ ಆ ಬಾಗಿಲನ್ನೇ ಯಾಕೆ ಆರಿಸಿಕೊಂಡೆ ಎಂಬುದಕ್ಕೆ ಕಾರಣ ಕಲೆಯಲ್ಲ, ಸಿಟ್ಟು.

ಮಾರ್ಚ್ 2, ಭಾನುವಾರ, ಬೆಳಗ್ಗೆ ಹತ್ತರ ಸುಮಾರು. ಅಂಗಳದಲ್ಲಿ ಹಳೆಯ ಸೀರೆ ಹಾಸಿ ಸಂಡಿಗೆ ಇಟ್ಟಿದ್ದರು. ಬಿಳಿ ಚುಕ್ಕಿಗಳ ಸಾಲು, ಒಂದೊಂದೂ ಒಂದೇ ಗಾತ್ರ. ನನಗೆ ಅಂಥದ್ದು ಕಂಡರೆ ನಿಲ್ಲಲೇಬೇಕು. ಬಗ್ಗಿ ಕ್ಯಾಮರಾ ಹಿಡಿದೆ. ಹಿಂದೆ ಸರಿಯುವಾಗ ಸೀರೆಯ ಅಂಚಿನ ಮೇಲೆ ಚಪ್ಪಲಿ ಬಿತ್ತು.

"ಏ ಹುಡುಗಿ! ಕಣ್ಣು ಆ ಡಬ್ಬಿಯೊಳಗ ಇಟ್ಟು ಬಂದೀಯೇನು?"

ಆ ಹಸಿರು ಬಾಗಿಲಲ್ಲಿ ಅವರು ಒದ್ದೆ ಕೈಯಲ್ಲೇ ನಿಂತಿದ್ದರು. ಅರವತ್ತೆಂಟು ವರ್ಷ ಇರಬಹುದು. ಬೆಳಗಾವಿ ಕಡೆಯ ಮಾತು. ನಮ್ಮ ಮನೆಯವರು ಧಾರವಾಡದವರು. ಈ ಊರಲ್ಲಿ ಹಾದಿಬೀದಿಯಲ್ಲಿ ಮರಾಠಿ ಮಾತಾಡಿ ಮಾತಾಡಿ ಬೇಸತ್ತವಳಿಗೆ ಕನ್ನಡ ಕೇಳಿ ಒಂದು ಕ್ಷಣ ಖುಷಿಯಾಯಿತು.

"ತಪ್ಪಾತ್ರಿ ಕಾಕು. ನೋಡ್ಲಿಲ್ರಿ."

"ನಾ ನಿನಗ ಕಾಕು ಅಲ್ಲ. ಎಷ್ಟು ಸಂಡಗಿ ತುಳದಿ, ಎಣಸು."

ಎಣಿಸಿದೆ. ಹದಿನಾಲ್ಕು. ಹದಿನಾಲ್ಕು ಎಂದು ಹೇಳಿದೆ ಕೂಡ.

"ನಿಜಕ್ಕೂ ಎಣಸಿದ್ಲು ನೋಡ್ರಿ!" ಎಂದು ಯಾರೂ ಇಲ್ಲದ ಅಂಗಳಕ್ಕೆ ಹೇಳಿದರು. "ನಾಚಿಗಿ ಅನ್ನೂದು ಒಂದ್ ಚೂರೂ ಇಲ್ಲ. ಇನ್ನೊಮ್ಮೆ ನನ್ನ ಬಾಗಲ ಕಡೆ ಆ ಡಬ್ಬಿ ತಿರುಗಿಸಿದ್ರ ಕೈಯಾಗಿನ ಲಟ್ಟಣಿಗಿ ಅಲ್ಲೇ ಬರ್ತದ."

ಮರುದಿನ ಬೆಳಗ್ಗೆ ನಮ್ಮ ಕಟ್ಟಡದ ಜಿನೆಯ ಮೂರನೆಯ ಮೆಟ್ಟಿಲ ಮೇಲೆ ನಿಂತು ಅದೇ ಬಾಗಿಲ ಕಡೆ ಕ್ಯಾಮರಾ ತಿರುಗಿಸಿದೆ. ಬೀಗ ಹಾಕಿತ್ತು, ಆದ್ದರಿಂದ ಯಾರೂ ಬೈಯಲಿಲ್ಲ. ಗೆದ್ದೆನೆಂದು ಅನಿಸಿತು. ದಿನವೂ ತೆಗೆಯುತ್ತೇನೆ, ನೋಡೇಬಿಡೋಣ ಎಂದುಕೊಂಡೆ. ಆರು ತಿಂಗಳ ನನ್ನ ಶಿಸ್ತಿನ ತಳಪಾಯ ಇಷ್ಟೇ.

ವಹಿಯಲ್ಲಿ ಹೊಸ ಪುಟ ತೆರೆದು ಕಾಲಂ ಹಾಕಿದೆ: ತಾರೀಖು, ಗಂಟೆ, ಬೆಳಕು, ಬೀಗ, ಬೆಕ್ಕು, ಸೈಕಲ್. ಬೀಗ ಇದ್ದರೆ ಸರಿ ಗುರುತು, ಇಲ್ಲದಿದ್ದರೆ ಸೊನ್ನೆ. ಬೆಕ್ಕು ಎಂದರೆ ಅಂಗಳದ ಬೂದು ಬೆಕ್ಕು, ಸೈಕಲ್ ಎಂದರೆ ಗೋಡೆಗೆ ಒರಗಿಸಿಟ್ಟ ಚಕ್ರವಿಲ್ಲದ ಸೈಕಲ್. ಅದೇನೂ ಎಲ್ಲಿಗೂ ಹೋಗುವಂಥದ್ದಲ್ಲ, ಆದರೂ ಕಾಲಂ ಇತ್ತು. ಫೋಟೋವನ್ನು ದಿನವೂ ಮೊಬೈಲಿನಿಂದ ನನ್ನ ಇಂಟರ್ನೆಟ್ ಪುಟಕ್ಕೆ ಹಾಕುತ್ತಿದ್ದೆ. ಕೆಳಗೆ ಒಂದೇ ಸಾಲು, ಮರಾಠಿಯಲ್ಲಿ: "ದಿನ 9. ಬೀಗ." "ದಿನ 10. ಬೀಗ." ಕೆಲವು ದಿನ ನಂಜು ಜಾಸ್ತಿಯಾದಾಗ "ಇವತ್ತೂ ಯಾರೂ ಇಲ್ಲ, ನೆಮ್ಮದಿ" ಎಂದೂ ಬರೆದಿದ್ದೇನೆ. ಆ ಮಾತನ್ನು ಹನ್ನೊಂದು ಸಲ ಬರೆದಿದ್ದೇನೆಂದು ಆಮೇಲೆ ಎಣಿಸಿದೆ.

ಸೊನ್ನೆ ಬಿದ್ದ ದಿನಗಳಲ್ಲಿ ಅವರು ನಾಲ್ಕು ಸಲ ಕಿಟಕಿಯಿಂದಲೇ ಬೈದರು. "ಬಂದ್ಲು ನೋಡು ಪೊಲೀಸ್ನ್ಯಾಕಿ" ಎಂದರು ಒಮ್ಮೆ. "ಮದವಿ ಆಗವಲ್ದು, ಅದಕ್ಕ ಬಾಗಲಾ ಕಾಯ್ಲಿಕ್ಕತ್ತದ" ಎಂದರು ಇನ್ನೊಮ್ಮೆ. ನಾನೂ ಸುಮ್ಮನಿರಲಿಲ್ಲ. "ಬಾಗಲಾ ನಿಮ್ದಲ್ರಿ, ಮಾಲಕರ್ದು" ಎಂದೆ. ಆ ಮಾತಿಗೆ ಅವರು ಕಿಟಕಿ ಮುಚ್ಚಿಕೊಂಡರು. ಆವತ್ತು ಬಸ್ಸಿನಲ್ಲಿ ಚಾಕಣದವರೆಗೂ ಖುಷಿಯಲ್ಲಿದ್ದೆ.

ಭಾನುವಾರಗಳಲ್ಲಿ ಬೆಳಗ್ಗಿನ ಫೋಟೋ ಮುಗಿಸಿ ಕ್ಯಾಮರಾ ಹೆಗಲಿಗೆ ಹಾಕಿಕೊಂಡು ಊರು ತಿರುಗುತ್ತಿದ್ದೆ. ಎಲ್ಲೂ ಒಳ್ಳೆಯ ಸ್ವಾಗತ ಸಿಗಲಿಲ್ಲ. ನದಿಯ ಘಾಟಿನಲ್ಲಿ ಬಟ್ಟೆ ಒಗೆಯುವವರು ನೀರು ಎರಚಿದರು. ತಾಮ್ರದ ಪಾತ್ರೆಗಳ ಅಂಗಡಿಯವನು ಕೊಳ್ಳುವುದಿದ್ದರೆ ನಿಲ್ಲು, ಇಲ್ಲದಿದ್ದರೆ ನಡಿ ಎಂದ. ಬೆಟ್ಟದ ಮೆಟ್ಟಿಲ ಮೇಲೆ ವ್ಯಾಯಾಮ ಮಾಡುತ್ತಿದ್ದ ಮುದುಕರೊಬ್ಬರು ನನ್ನ ಹಿಂದೆಯೇ ಬಂದು ಕ್ಯಾಮರಾ ತೆರೆಸಿ ತಮ್ಮ ಮುಖವಿದ್ದ ಎರಡು ಫೋಟೋ ಅಳಿಸಿದರು. ಕಾರ್ಖಾನೆಯ ಗೇಟಿನಲ್ಲಂತೂ ಕ್ಯಾಮರಾ ಚೀಲದಲ್ಲಿದೆ ಎಂಬ ಕಾರಣಕ್ಕೆ ಸೆಕ್ಯೂರಿಟಿಯವನು ಊಟದ ಡಬ್ಬಿಯನ್ನೂ ಬಿಚ್ಚಿ ನೋಡಿದ. ಹೆಚ್ಚಿನ ದಿನ ಯಾರೂ ಎದುರು ಮಾತಾಡದ ಫೋಟೋ ಎಂದರೆ ಆ ಬಾಗಿಲಿನದೊಂದೇ. ಅದಕ್ಕೇ ಅದರ ಮೇಲೆ ಜಿದ್ದು ಬೆಳೆಯಿತು.

ಜುಲೈ 19 ಮತ್ತು 20, ಶನಿವಾರ, ಭಾನುವಾರ. ವಿಭಾಗದವರೆಲ್ಲ ಲೋಣಾವಳಾಕ್ಕೆ ಹೊರಟರು. ಬರುವುದಿಲ್ಲ ಎಂದರೆ ಸೂಪರ್‌ವೈಸರ್ ಮುಖ ಗಂಟು ಹಾಕುತ್ತಾರೆ, ಹೋದೆ. ಎರಡು ದಿನವೂ ಮಳೆ ಒಂದೇ ಸಮ ಹೊಡೆಯಿತು. ಕಣಿವೆ ನೋಡಲು ನಿಲ್ಲಿಸಿದ ಜಾಗದಲ್ಲಿ ಮಂಜಿನ ಬಿಳಿ ಗೋಡೆ ಬಿಟ್ಟರೆ ಏನೂ ಕಾಣಲಿಲ್ಲ. ನಾನು ಆ ಬಿಳಿಯನ್ನೇ ಒಂಬತ್ತು ಸಲ ತೆಗೆದೆ. ಉಳಿದವರು ವ್ಯಾನಿನಲ್ಲಿ ಕೂತು ಹಾರ್ನ್ ಬಾರಿಸಿದರು. "ಈಕೆಗೆ ಎಲ್ಲಾದರೂ ಒಂದು ಬೀಗ ತೋರಿಸ್ರಪ್ಪ, ಆಮೇಲೆ ಬರ್ತಾಳೆ" ಎಂದು ಬೆಂಗಳೂರಿನ ಹುಡುಗನೊಬ್ಬ ಕೂಗಿದ. ಎಲ್ಲರೂ ನಕ್ಕರು. ಎರಡು ಬೆಳಗು ಬಾಗಿಲು ತಪ್ಪಿತಲ್ಲ ಎಂಬ ಚಿಂತೆಯಲ್ಲಿ ನನಗೆ ಚಿಕ್ಕಿಯೂ ರುಚಿಸಲಿಲ್ಲ. ಏಪ್ರಿಲಿನಲ್ಲಿ ಜ್ವರ ಬಂದು ಒಂದು ದಿನ ತಪ್ಪಿತ್ತು, ಈಗ ಮೂರಾಯಿತು.

ಭಾನುವಾರ ಸಂಜೆ ವಾಡೆಗೆ ಬಂದಾಗ ಮಾಲಕರು ಕಟ್ಟೆಯ ಮೇಲೆ ಕೂತಿದ್ದರು. ಅರವತ್ತು ದಾಟಿದವರು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಮಾತು ಯಾವಾಗಲೂ ಮೆತ್ತಗೆ. ಬಾಡಿಗೆದಾರಳ ಮರ್ಯಾದೆಗೆಂದು ಒಂದು ಚಿಕ್ಕಿ ಪ್ಯಾಕೆಟ್ ಕೊಟ್ಟೆ.

"ಬೇಟಾ, ನಿನ್ನೆ ಫೋಟೋ ಬರಲಿಲ್ಲ. ಇವತ್ತೂ ಇಲ್ಲ," ಎಂದರು ಮರಾಠಿಯಲ್ಲಿ.

ನಾನು ನಿಂತುಬಿಟ್ಟೆ. ನೂರ ನಲವತ್ತು ದಿನದಲ್ಲಿ ಆ ಫೋಟೋಗಳನ್ನು ಯಾರಾದರೂ ಗಮನವಿಟ್ಟು ನೋಡಿದ್ದರೆ, ತಪ್ಪಿದ್ದನ್ನೂ ಗಮನಿಸಿದ್ದರೆ, ಅವರೊಬ್ಬರೇ. ಮನೆಯವರಿಗೆ ಅದು ಹುಚ್ಚು, ಗೆಳತಿಯರಿಗೆ ತಮಾಷೆ.

"ಊರಲ್ಲಿರಲಿಲ್ಲ ಕಾಕಾ."

"ತಪ್ಪಿಸಬೇಡ. ಇಂಥ ಕೆಲಸ ತಪ್ಪಿದರೆ ಹೋಯಿತು. ಕಿತೀ ಶಿಸ್ತ ಆಹೆ ಮುಲೀಲಾ!" ಎಂದು ಒಳಗಿದ್ದ ಹೆಂಡತಿಗೆ ಕೇಳುವಂತೆ ಹೊಗಳಿದರು. ಹುಡುಗಿಗೆ ಎಷ್ಟು ಶಿಸ್ತು ನೋಡು, ಎಂದು. "ವಾಡೆ ಇನ್ನೆಷ್ಟು ದಿನ ಇರುತ್ತದೋ. ಬೀಳುವ ಮುಂಚೆ ಒಂದು ನೆನಪು ಬೇಕು ನನಗೆ. ಆರು ತಿಂಗಳು ತುಂಬಿದ ಮೇಲೆ ಎಲ್ಲವನ್ನೂ ಅಚ್ಚು ಹಾಕಿಸಿ ಒಂದು ಆಲ್ಬಂ ಮಾಡಿಕೊಡುತ್ತೀಯಾ? ತಾರೀಖು, ಗಂಟೆ, ನಿನ್ನ ಆ ಲೆಕ್ಕ, ಎಲ್ಲ ಸೇರಿಸಿ."

ಆರು ತಿಂಗಳು ಎಂದು ಯಾಕೆ ಹೇಳಿದರು ಎಂದು ನಾನು ಕೇಳಲಿಲ್ಲ. ಒಂದು ವರ್ಷ ಎಂದೋ, ನೂರು ದಿನ ಎಂದೋ ಹೇಳಬಹುದಿತ್ತು. ಅಳತೆ ಕೋಣೆಯಲ್ಲಿ ಯಾರಾದರೂ ಹೀಗೆ ಸಂಖ್ಯೆ ಕೊಟ್ಟರೆ ನಾನು ಮೊದಲು ಕೇಳುವುದೇ ಅದು, ಎಲ್ಲಿಂದ ಬಂತು ಎಂದು. ಆವತ್ತು ಕೇಳದಂತೆ ಮಾಡಿದ್ದು ಹೊಗಳಿಕೆ.

ಸೆಪ್ಟೆಂಬರಿನ ಮೊದಲ ವಾರ ಆಲ್ಬಂ ಕೊಟ್ಟೆ. 179 ಫೋಟೋ, ಪ್ರತಿಯೊಂದರ ಕೆಳಗೆ ತಾರೀಖು, ಗಂಟೆ. ಕೊನೆಯ ಪುಟದಲ್ಲಿ ನನ್ನ ಅಂದದ ಕೈಬರಹದಲ್ಲಿ ಮೊತ್ತ: ಬೀಗ 166, ಬೀಗವಿಲ್ಲ 13. ಅದರ ಕೆಳಗೆ ಸಹಿ. ಸಹಿ ಮಾಡು ಎಂದವರೂ ಅವರೇ. ಕಲಾವಿದರು ಸಹಿ ಮಾಡಬೇಕು ಎಂದರು. ನಾನು ಅದನ್ನೂ ನಂಬಿದೆ.

ಸೆಪ್ಟೆಂಬರ್ 27, ಶನಿವಾರ, ಮಧ್ಯಾಹ್ನ 3:20. ಕಂಪನಿಗೆ ರಜೆ ಇತ್ತು. ಬಾಗಿಲನ್ನು ಯಾರೋ ಅಂಗೈಯಿಂದ ಬಡಿದರು. ತೆರೆದರೆ ಹಸಿರು ಬಾಗಿಲಿನವರು. ಎರಡು ಮಹಡಿ ಹತ್ತಿ ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಕೈಯಲ್ಲಿ ಝೆರಾಕ್ಸ್ ಕಾಗದಗಳ ದಪ್ಪ ಕಟ್ಟು.

"ಇದು ನಿನ್ನ ಸಹೀನ ಹೌದಲ್ಲೋ?"

ಕೊನೆಯ ಪುಟ. ನನ್ನ ಸಹಿ ಕಪ್ಪಾಗಿ, ಮಸುಕಾಗಿ ಕಾಣುತ್ತಿತ್ತು.

"ಹೌದ್ರಿ. ಯಾಕ್ರಿ?"

"ಯಾಕ್ರಿ ಅಂತ ಕೇಳ್ತಾಳ!" ಕಟ್ಟನ್ನು ನನ್ನ ಹಾಸಿಗೆಯ ಮೇಲೆ ಎಸೆದರು. ಒಂದೊಂದು ಪುಟದಲ್ಲಿ ನಾಲ್ಕು ನಾಲ್ಕು ಬಾಗಿಲು. "ಮಾಲಕ ಕೋರ್ಟಿಗೆ ಹಾಕ್ಯಾನ. ನಾ ಇಲ್ಲಿ ಇರೂದೇ ಇಲ್ಲಂತ. ಆರು ತಿಂಗಳಿಂದ ಬೀಗ ಹಾಕ್ಕೊಂಡು ಬ್ಯಾರೆ ಕಡೆ ಅದೀನಂತ. ಸಾಕ್ಷಿ ಯಾರಪಾ ಅಂದ್ರ ನೀ! ನಲವತ್ತೊಂದು ವರ್ಷ ಇಲ್ಲೇ ಉಂಡು, ಇಲ್ಲೇ ಮಲಗಿ, ಗಂಡನ್ನ ಇಲ್ಲಿಂದನ ಹೊರಗ ಕಳಿಸೀನಿ. ನೀ ಬಂದು ಎಷ್ಟು ದಿನಾ ಆತು?"

"ಒಂದು ವರ್ಷ ಎರಡು ತಿಂಗಳು."

"ಅದಕ್ಕೂ ಲೆಕ್ಕ ಅದ ನೋಡು!"

ನನಗೂ ಸಿಟ್ಟು ಬಂತು. ಸುಳ್ಳೇನೂ ಬರೆದಿಲ್ಲ, ಬೀಗ ಇದ್ದದ್ದು ನಿಜ ಎಂದೆ. ಅವರು ನನ್ನ ಮುಖವನ್ನೇ ನೋಡಿದರು.

"ಖರೇ ಅದ. ಬೀಗ ಇತ್ತು. ನೀ ಹೋದ ಮ್ಯಾಲೆ ತಗೀತಿದ್ದೆ. ಅದನ್ನ ಯಾವಾಗರ ನೋಡೀಯೇನು?"

ಅವರು ಇಳಿದು ಹೋದ ಮೇಲೆ ಮಾಲಕರ ಮನೆಗೆ ಹೋದೆ. ಆಲ್ಬಂ ವಾಪಸು ಕೊಡಿ ಎಂದೆ. ಅದು ಕೋರ್ಟಿನಲ್ಲಿದೆ ಬೇಟಾ ಎಂದರು. ನೆನಪಿಗೆ ಎಂದಿದ್ದಿರಿ ಎಂದೆ.

"ನೆನಪೇ ಅಲ್ಲವೇ? ಕೋರ್ಟಿಗೂ ನೆನಪು ಬೇಕಾಗುತ್ತದೆ." ದನಿ ಅದೇ ಮೆತ್ತಗಿನದು. "ಅದರಲ್ಲಿ ಯಾವುದಾದರೂ ಸುಳ್ಳಿದೆಯೇನು? ಇದ್ದರೆ ಹೇಳು, ಈಗಲೇ ತೆಗೆಸುತ್ತೇನೆ."

ಇರಲಿಲ್ಲ. ಒಂದೇ ಒಂದು ಸುಳ್ಳಿದ್ದರೂ ಹಿಡಿದುಕೊಳ್ಳಬಹುದಿತ್ತು. ಇಡೀ ಸಂಜೆ ವಹಿಯನ್ನು ತಿರುಗಿಸಿ ಹುಡುಕಿದೆ. ಗಂಟೆಯಲ್ಲಿ ನಿಮಿಷದ ವ್ಯತ್ಯಾಸವೂ ಸಿಗಲಿಲ್ಲ. ಮಾಲಕರು ಆಮೇಲೆ ಇನ್ನೊಂದು ಮಾತು ಸೇರಿಸಿದ್ದರು: ಮುಂದಿನ ತಿಂಗಳಾಂತ್ಯಕ್ಕೆ ಕೋಣೆ ಬಿಟ್ಟುಕೊಡು, ಮಗಳು ಬರುತ್ತಾಳೆ. ಅವರಿಗೆ ಮಗಳಿಲ್ಲ. ನಾನು ಅಕ್ಟೋಬರ್ 31ರಂದು ಕೊತ್ರೂಡಿನ ಒಂದು ಪಿಜಿಗೆ ಹೋದೆ.

ಅದಕ್ಕೂ ಮುಂಚೆ, ಕೋಣೆಯಲ್ಲಿದ್ದ ಕೊನೆಯ ವಾರಗಳಲ್ಲಿ, ಆ ಹೆಂಗಸು ನನ್ನ ಹಾಸಿಗೆಯ ಮೇಲೆ ಬಿಟ್ಟುಹೋದ ಕಟ್ಟಿನಲ್ಲಿದ್ದ ಮಾಲಕರ ಅರ್ಜಿಯ ಝೆರಾಕ್ಸನ್ನು ಓದಿದೆ. ಹದಿಮೂರು ಸೊನ್ನೆಗಳಿಗೂ ಅದರಲ್ಲಿ ಉತ್ತರವಿತ್ತು. ಈಕೆ ತಿಂಗಳಿಗೆ ಎರಡು ಸಲ ಬಂದು ಕಸ ಹೊಡೆದು ಹೋಗುತ್ತಾಳೆ, ಕಬ್ಜಾ ಉಳಿಸಿಕೊಳ್ಳಲು ಮಾತ್ರ, ಎಂದು. ತಿಂಗಳಿಗೆ ಎರಡು. ಲೆಕ್ಕ ಸರಿಯಾಗಿತ್ತು, ಅದೇ ನನ್ನನ್ನು ಕುಕ್ಕಿತು. ಎರಡೇ ಯಾಕೆ? ಹದಿಮೂರು ತಾರೀಖನ್ನೂ ಒಂದು ಕಾಗದದ ಮೇಲೆ ಬರೆದೆ. ಮಾರ್ಚ್ 14, ಮಾರ್ಚ್ 29. ಏಪ್ರಿಲ್ 12, ಏಪ್ರಿಲ್ 27. ಸುಮಾರು ಹದಿನೈದು ದಿನಕ್ಕೊಂದು. ಗೋಡೆಯ ಕ್ಯಾಲೆಂಡರ್ ಇಳಿಸಿ ಪಕ್ಕದಲ್ಲಿಟ್ಟುಕೊಂಡೆ. ಹುಣ್ಣಿಮೆ, ಅಮಾವಾಸ್ಯೆ, ಹುಣ್ಣಿಮೆ, ಅಮಾವಾಸ್ಯೆ. ಹದಿಮೂರರಲ್ಲಿ ಹನ್ನೆರಡು ಹಾಗೇ ಬಿದ್ದಿದ್ದವು. ಉಳಿದ ಒಂದು ಜೂನ್ ತಿಂಗಳ ಜಡಿಮಳೆಯ ದಿನ.

ಹುಣ್ಣಿಮೆ, ಅಮಾವಾಸ್ಯೆಗಳಂದು ಬೆಳಗ್ಗೆ ಮನೆಯಲ್ಲಿರುವ, ಉಳಿದ ದಿನ ಆರೂವರೆಗೇ ಹೊರಗಿರುವ ಕೆಲಸ ಯಾವುದು? ದೇವಸ್ಥಾನವಲ್ಲ, ಆ ದಿನಗಳಲ್ಲಿ ದೇವಸ್ಥಾನಕ್ಕೆ ಹೋಗುವುದೇ ಜಾಸ್ತಿ. ನಮ್ಮಜ್ಜಿ ಹುಣ್ಣಿಮೆ, ಅಮಾವಾಸ್ಯೆಗೆ ರೊಟ್ಟಿ ಬಡಿಯುತ್ತಿರಲಿಲ್ಲ. ಆವತ್ತು ಹೋಳಿಗೆ, ಇಲ್ಲವೇ ಕಡುಬು. ಅದು ನೆನಪಾದ ಮೇಲೆ ಉಳಿದದ್ದು ಸುಲಭವಾಯಿತು.

ಅಕ್ಟೋಬರ್ 16, ಗುರುವಾರ, ಬೆಳಗ್ಗೆ 6:05ಕ್ಕೇ ಇಳಿದು ದಿಂಡಿಬಾಗಿಲ ಹೊರಗೆ ನಿಂತೆ. 6:10ಕ್ಕೆ ಅವರು ಬೀಗ ಹಾಕಿ ಹೊರಟರು. ಹಿಂದೆಯೇ ನಡೆದೆ. ಎರಡು ತಿರುವು ದಾಟಿ, ಕೋಚಿಂಗ್ ಕ್ಲಾಸುಗಳ ಗಲ್ಲಿಯಲ್ಲಿ, ಹುಡುಗರಿಗೆ ಡಬ್ಬಿ ಕಳಿಸುವ ಒಂದು ಖಾನಾವಳಿಯ ಹಿಂಬಾಗಿಲಿನಿಂದ ಒಳಗೆ ಹೋದರು. ಇಣುಕಿ ನೋಡಿದೆ. ನೆಲದ ಮೇಲೆ ಕೂತು, ಮುಂದೆ ದೊಡ್ಡ ಪರಾತ, ಮೊಣಕೈವರೆಗೆ ಹಿಟ್ಟು. ರೊಟ್ಟಿ ಬಡಿಯುವ ಸದ್ದು ಬೀದಿಗೆ ಕೇಳುತ್ತಿತ್ತು. ಹಂಚಿನ ಮೇಲೆ ಒಂದು, ಕೈಯಲ್ಲಿ ಒಂದು, ಪಕ್ಕದ ಬುಟ್ಟಿಯಲ್ಲಿ ಆಗಲೇ ಹನ್ನೆರಡೋ ಹದಿಮೂರೋ.

ತಲೆಯೆತ್ತಿದವರು ನನ್ನನ್ನು ಕಂಡರು.

"ಇಲ್ಲಿಗೂ ಬಂದಿ?"

"ಹುಣ್ಣಿಮಿ ಅಮಾಸಿಗೆ ರಜಾ ಏನ್ರಿ ನಿಮಗ?"

ಬಡಿಯುತ್ತಿದ್ದ ಕೈ ನಿಂತಿತು. "ಆ ದಿನ ಇಲ್ಲಿ ಪೂರಿ ಮಾಡ್ತಾರ. ಯಾರು ಹೇಳಿದ್ರು ನಿನಗ?"

"ವಹಿಯೊಳಗ ಇತ್ರಿ."

"ಸುಡು ನಿನ್ನ ವಹಿ." ರೊಟ್ಟಿ ತಿರುಗಿಸಿ ಹಂಚಿಗೆ ಹಾಕಿದರು. ಆಮೇಲೆ, "ಡಬ್ಬಿ ತಂದೀಯಿಲ್ಲೋ? ತಗಿ. ಇದರದೂ ಒಂದು ತಗಿ. ಬಾಗಲದ್ದು ನೂರಾರು ತಗದಿ, ನನ್ನದು ಒಂದರ ಅದ ಏನು?"

ತೆಗೆದೆ. 6:35 ಆಗಿತ್ತು. ಒಂದೇ ಸಲ ಕ್ಲಿಕ್ ಆಗುವಷ್ಟರಲ್ಲಿ ಖಾನಾವಳಿಯವನು ಒಳಗಿನಿಂದ ಬಂದು ಕೈ ಅಡ್ಡ ಹಿಡಿದ. ಫೋಟೋ ನಕೋ, ಫೋಟೋ ನಕೋ, ಎಂದು ನನ್ನನ್ನು ಬಾಗಿಲಿಂದ ಹೊರಗೆ ನೂಕಿದ. ಅವನು ಹೆದರಿದ್ದು ಯಾಕೆಂದು ಎರಡು ದಿನದ ನಂತರ ತಿಳಿಯಿತು. ಖಾನಾವಳಿಯ ಜಾಗವೂ ಅದೇ ಮಾಲಕರದು.

ರೊಟ್ಟಿಯವರ ವಕೀಲರ ಹತ್ತಿರ ನಾನೂ ಹೋಗಲು ಅವರನ್ನು ಒಪ್ಪಿಸುವುದಕ್ಕೇ ನಾಲ್ಕು ಸಲ ಬೈಸಿಕೊಂಡೆ. "ಈಕಿ ಯಾಕ ಬರ್ಬೇಕು? ಉಳದದ್ದನ್ನೂ ಹಾಳ ಮಾಡ್ಲಿಕ್ಕೇನು?" ಎಂದು ರಿಕ್ಷಾದವನಿಗೆ ಕೇಳಿದರು. ಅವನಿಗೆ ಕನ್ನಡ ಬರುತ್ತಿರಲಿಲ್ಲ. ನವೆಂಬರ್ 8, ಶನಿವಾರ, ಬೆಳಗ್ಗೆ 11 ಗಂಟೆ. ವಕೀಲರು ಕನ್ನಡಕ ಹಣೆಗೇರಿಸಿಕೊಂಡು ಆಲ್ಬಮ್ಮಿನ ಝೆರಾಕ್ಸ್ ತಿರುವಿದರು. ಬಾಡಿಗೆದಾರರು ಆರು ತಿಂಗಳು ಸತತವಾಗಿ ಮನೆ ಬಳಸದಿದ್ದರೆ, ಅದಕ್ಕೆ ಸರಿಯಾದ ಕಾರಣವೂ ಇಲ್ಲದಿದ್ದರೆ, ಮಾಲಕರು ಮನೆ ವಾಪಸು ಕೇಳಬಹುದು ಎಂದು ವಿವರಿಸಿದರು. ವಿದ್ಯುತ್ತಿನ ಮೀಟರು ಇಡೀ ಸಾಲಿಗೆ ಒಂದೇ, ಅದೂ ಮಾಲಕರ ಹೆಸರಿನಲ್ಲಿ. ನೀರಿನ ನಲ್ಲಿ ಅಂಗಳದ್ದು. ಅಕ್ಕಪಕ್ಕದವರು ಉಳಿದಿಲ್ಲ. ಗ್ಯಾಸ್ ಸಿಲಿಂಡರ್ ಒಂಟಿ ಹೆಂಗಸಿಗೆ ಮೂರು ತಿಂಗಳಿಗೊಮ್ಮೆ ಬರುತ್ತದೆ, ಅದು ಇದ್ದುದಕ್ಕೆ ಗಟ್ಟಿ ಸಾಕ್ಷಿಯಾಗುವುದಿಲ್ಲ.

ನಾನು ಸಾಕ್ಷಿ ಹೇಳುತ್ತೇನೆ ಎಂದೆ. ಸಂಜೆ ಬಂದಾಗ ಅವರ ಕಿಟಕಿಯಲ್ಲಿ ದೀಪ ನೋಡಿದ್ದೇನೆ, ಒಗ್ಗರಣೆಯ ವಾಸನೆ ಬರುತ್ತಿತ್ತು, ರೇಡಿಯೋ ಕೇಳಿದ್ದೇನೆ.

"ಒಳ್ಳೆಯದು," ಎಂದರು ವಕೀಲರು. "ಈಗ ನಾನು ಎದುರು ಪಕ್ಷದ ವಕೀಲ ಅಂದುಕೊಳ್ಳಿ. ದೀಪ ಎಷ್ಟು ಸಲ ನೋಡಿದಿರಿ?"

"ಬಹಳ ಸಲ."

"ಬಹಳ ಅಂದರೆ?"

ಚೀಲದಿಂದ ವಹಿ ತೆಗೆದು ವಕೀಲರ ಮುಂದೆ ಬಿಚ್ಚಿಟ್ಟೆ.

"ವಹಿಯಲ್ಲಿ ಬರೆದಿದ್ದೀರಾ?"

"ಇಲ್ಲ. ಅದಕ್ಕೆ ಕಾಲಂ ಇರಲಿಲ್ಲ."

"ಬೆಕ್ಕು ಎಷ್ಟು ಸಲ ಬಂತು?"

"ನಲವತ್ತೆರಡು."

ವಕೀಲರು ಕನ್ನಡಕ ಇಳಿಸಿ ತಮ್ಮ ಕಕ್ಷಿದಾರರ ಕಡೆ ನೋಡಿದರು. "ಬೆಕ್ಕಿಗೆ ಲೆಕ್ಕ ಇದೆ, ಮನುಷ್ಯರಿಗೆ ಇಲ್ಲ. ಇದನ್ನೇ ಅವರು ಕೇಳುತ್ತಾರೆ. ಜತೆಗೆ 'ಇವತ್ತೂ ಯಾರೂ ಇಲ್ಲ, ನೆಮ್ಮದಿ' ಅಂತ ಇವರೇ ಹನ್ನೊಂದು ಸಲ ಬರೆದಿದ್ದಾರೆ. ಈ ಹುಡುಗಿಯನ್ನು ಕಟಕಟೆಗೆ ಹತ್ತಿಸಿದರೆ ನಷ್ಟ ನಮಗೇ."

ಮಾರ್ಚ್ 2ರ ಸಂಡಿಗೆಯ ಫೋಟೋ ತೋರಿಸಿದೆ. ಹಿಂದೆ ಬಾಗಿಲು ತೆರೆದಿತ್ತು. ಮಾಲಕರು ಲೆಕ್ಕ ಹಿಡಿದದ್ದು ಮಾರ್ಚ್ 3ರಿಂದ, ಅದು ಒಂದು ದಿನ ಹೊರಗೆ ಬಿತ್ತು. ಖಾನಾವಳಿಯ ಫೋಟೋ ತೋರಿಸಿದೆ. ಅದು ದಾವೆ ಹೂಡಿದ ಮೇಲಿನದು. ಖಾನಾವಳಿಯವನು ಬಂದು ಹೇಳಿದರೆ ಬೇರೆ ಮಾತು, ಆದರೆ ಅವನಿಗೂ ಜಾಗ ಬಿಡಬೇಕಾಗುವ ಹೆದರಿಕೆ.

"ಹಾಗಾದರೆ ಏನು ಬೇಕು?" ಎಂದೆ.

"ಇದೇ ಆರು ತಿಂಗಳಲ್ಲಿ, ಇದೇ ಬಾಗಿಲು, ಬೇರೆ ಹೊತ್ತಿನಲ್ಲಿ, ಬೇರೆಯವರು ತೆಗೆದದ್ದು. ನಾಲ್ಕೈದು ಸಿಕ್ಕರೂ ಸಾಕು. ನಿಮ್ಮ ಬೀಗ ಬೆಳಗ್ಗೆ ಆರರಿಂದ ಎಂಟರವರೆಗಿನ, ಎರಡೇ ತಾಸಿನ ಬೀಗ ಅಂತ ತೋರಿಸಿದರೆ ಇಡೀ ಆಲ್ಬಂ ನಮ್ಮ ಕಡೆ ತಿರುಗುತ್ತದೆ."

ಹೊರಗೆ ಬಂದೆವು. ರಿಕ್ಷಾ ಕಾಯುತ್ತ ನಿಂತಾಗ, ಅಂಥ ಫೋಟೋ ಯಾರ ಹತ್ತಿರ ಇರಬಹುದು ಎಂದು ಯೋಚಿಸುತ್ತಿದ್ದೆ. ಭಾನುವಾರಗಳಲ್ಲಿ ಹಳೇ ಪೇಠ ತೋರಿಸುತ್ತೇವೆ ಎಂದು ಹದಿನೈದಿಪ್ಪತ್ತು ಜನರ ಗುಂಪುಗಳು ಬರುತ್ತವೆ. ಎಲ್ಲರೂ ಆ ಕಮಾನಿನ ಮುಂದೆ ನಿಂತು ಫೋಟೋ ತೆಗೆದುಕೊಳ್ಳುತ್ತಾರೆ. ದಿಂಡಿಬಾಗಿಲು ಹಗಲೆಲ್ಲ ತೆರೆದಿರುತ್ತದೆ. ಬೀದಿಯಲ್ಲಿ ನಿಂತು ಕಮಾನನ್ನು ನೇರ ಹಿಡಿದರೆ, ನಡುವೆ ಅಂಗಳ, ಅದರಾಚೆ ಸರಿಯಾಗಿ ಮಧ್ಯಕ್ಕೆ ಆ ಹಸಿರು ಬಾಗಿಲು. ನಾನೇ ಹೋಗಿ ನಿಂತು ನೋಡಿ ಬಂದಿದ್ದೇನೆ. ಆ ಗುಂಪುಗಳ ಇಬ್ಬರು ಮುಖಂಡರನ್ನು ಕೇಳಿದೆ. ಒಬ್ಬರು ಜನರ ಫೋಟೋ ನಮ್ಮ ಹತ್ತಿರ ಇರುವುದಿಲ್ಲ ಎಂದರು. ಇನ್ನೊಬ್ಬರು ಕೋರ್ಟು ಎಂಬ ಮಾತು ಕೇಳಿ ಫೋನ್ ಇಟ್ಟರು. ಆ ಓಣಿಯಲ್ಲಿ ಓಡಾಡುವ ಕೋಚಿಂಗ್ ಕ್ಲಾಸಿನ ಹುಡುಗರಲ್ಲಿ ಮೂವತ್ತೊಂದು ಜನರನ್ನು ನಿಲ್ಲಿಸಿ ಕೇಳಿದ್ದೇನೆ. ಏಳು ಜನ ಹುಡುಕಿ ನೋಡುತ್ತೇವೆ ಎಂದರು, ಯಾರೂ ತಿರುಗಿ ಬರಲಿಲ್ಲ. ಇಬ್ಬರು ನನ್ನನ್ನು ಮಾಲಕರ ಕಡೆಯವಳೆಂದು ತಿಳಿದು ಬೈದರು. ಮಾಲಕರು ಈಗ ನನ್ನನ್ನು ವಾಡೆಯೊಳಗೆ ಬಿಡುವುದಿಲ್ಲ.

ಇದನ್ನೆಲ್ಲ ಬರೆದು ಒಂದು ಪತ್ರಿಕೆಗೆ ಕೊಡಲೇ ಎಂದು ಕಳೆದ ವಾರ ಖಾನಾವಳಿಯ ಹಿಂದೆ ಕಾದು ನಿಂತು ಅವರನ್ನು ಕೇಳಿದೆ. ಕೈ ಒರೆಸಿಕೊಳ್ಳುತ್ತ ಬಂದರು.

"ಹೆಸರು ಹಾಕಬ್ಯಾಡ. ರೊಟ್ಟಿ ಬಡೀತಾಳ ಅಂತ ಬೇಕಾದ್ರ ಹಾಕು, ಅದರೊಳಗ ನನಗ ನಾಚಿಗಿ ಇಲ್ಲ. ಉಳದದ್ದು ಬರಿ. ಹೆಂಗೂ ಬರಿಯೂದು ನಿನಗ ಚಟ ಅದ."

"ನಾ ಬೇಕಂತ ಮಾಡಿಲ್ರಿ ಕಾಕು."

"ಬೇಕಂತನ ಮಾಡೀದಿ. ದಿನಾ ಬೇಕಂತ ಮಾಡೀದಿ. ಮಾಲಕಗ ಕೊಡ್ತೀನಂತ ಮಾಡಿಲ್ಲ, ಅಷ್ಟ." ಚಪ್ಪಲಿ ಮೆಟ್ಟಿಕೊಂಡರು. "ಮತ್ತ ನಾ ನಿನಗ ಕಾಕು ಅಲ್ಲ ಅಂತ ಎಷ್ಟು ಸಲ ಹೇಳ್ಬೇಕು?"

ಅವರು ಹೇಳಿದ್ದು ಸರಿ. ಕೋರ್ಟಿನ ಮುಂದಿನ ತಾರೀಖು ಹತ್ತಿರ ಬರುತ್ತಿದೆ. ವಕೀಲರ ಕಡತದಲ್ಲಿ ಈಗಲೂ ಇರುವುದು ನನ್ನ 179 ಫೋಟೋಗಳೇ.

ಆದ್ದರಿಂದ ಓದುವವರಲ್ಲಿ ಕೇಳುತ್ತಿದ್ದೇನೆ. ಕಳೆದ ವರ್ಷದ ಮಾರ್ಚ್ 3ರಿಂದ ಆಗಸ್ಟ್ 31ರೊಳಗೆ ನೀವೋ, ನಿಮ್ಮ ಮನೆಯವರೋ, ಪುಣೆ ನೋಡಲು ಬಂದ ನೆಂಟರೋ ಸದಾಶಿವ ಪೇಠದ ಓಣಿಗಳಲ್ಲಿ ಮರದ ಕಮಾನೊಂದರ ಮುಂದೆ ನಿಂತು ಫೋಟೋ ತೆಗೆಸಿಕೊಂಡಿದ್ದರೆ, ಅದನ್ನು ದೊಡ್ಡದು ಮಾಡಿ ನಿಮ್ಮ ಭುಜದ ಹಿಂದೆ ನೋಡಿ. ಕಲ್ಲಿನ ಅಂಗಳದ ಕೊನೆಯಲ್ಲಿ ಎರಡು ಪಡಿಯ ಹಸಿರು ಬಾಗಿಲು, ಅದರ ಬಲಕ್ಕೆ ಚಕ್ರವಿಲ್ಲದ ಸೈಕಲ್ ಕಂಡರೆ ಅದೇ ವಾಡೆ. ಬಾಗಿಲು ತೆರೆದಿರಬಹುದು, ಮುಂದೆ ಸೀರೆ ಒಣಗುತ್ತಿರಬಹುದು, ಹೊಸ್ತಿಲಲ್ಲಿ ಒಬ್ಬ ಹೆಂಗಸು ನಿಮ್ಮ ಕಡೆ ಸಿಟ್ಟಿನಿಂದ ನೋಡುತ್ತಿರಬಹುದು. ಬೆಳಗ್ಗೆ ಎಂಟೂಕಾಲಿನ ನಂತರದ್ದಾದರೆ, ಅಂದರೆ ಅವರು ರೊಟ್ಟಿ ಕೆಲಸ ಮುಗಿಸಿ ವಾಪಸು ಬಂದ ಮೇಲಿನದಾದರೆ, ತುಂಬ ಒಳ್ಳೆಯದು. ಮೊಬೈಲಿನಲ್ಲಿರುವ ಮೂಲ ಫೋಟೋವನ್ನು ಅಳಿಸಬೇಡಿ, ಕತ್ತರಿಸಬೇಡಿ. ಅಲ್ಲಿ ಮೊದಲು ಬಾಡಿಗೆಗಿದ್ದ ಐದು ಮನೆಯವರಲ್ಲಿ ಯಾರಾದರೂ ಆ ತಿಂಗಳುಗಳಲ್ಲಿ ಬಂದು ಇವರನ್ನು ಮಾತಾಡಿಸಿ ಹೋಗಿದ್ದರೆ ಅವರೂ ತಿಳಿಸಲಿ. ಈ ಪತ್ರಿಕೆಯ ವಿಳಾಸಕ್ಕೆ ಬರೆದರೆ ನನಗೆ ತಲುಪುತ್ತದೆ. ತಾರೀಖು ಮತ್ತು ಗಂಟೆ ಮರೆಯದೆ ಬರೆಯಿರಿ.